ಸರ್ ಎಂ.ವಿ.: ‘ಎಂ’ ಎಂದರೆ ಮುದ್ದೇನಹಳ್ಳಿಯೇ?

ಪ್ರಶ್ನೆ: ಸರ್ ಎಂ. ವಿಶ್ವೇಶ್ವರಯ್ಯನವರ ‘ಎಂ’ ಹುಟ್ಟೂರು ಮುದ್ದೇನಹಳ್ಳಿಯೇ? ಹೆಸರಿನ ಅರ್ಥವೇನು?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಅಲ್ಲ. ನಮ್ಮ ಕಡೆ ಹಾಗೆಂದುಕೊಂಡವರು ಇದ್ದಾರೆ, ತಪ್ಪೇನಿಲ್ಲ ಬಿಡಿ. ಅದು ಮೋಕ್ಷಗುಂಡಂ, ಆಂಧ್ರದ ಗಿದ್ದಲೂರು ಕಡೆಯ ಊರು. ಅವರ ಪೂರ್ವಿಕರು ಅಲ್ಲಿಂದ ಮೈಸೂರು ಸೀಮೆಗೆ ವಲಸೆ ಬಂದವರು. ಊರು ಬಿಟ್ಟರೂ ಊರ ಹೆಸರು ಮನೆತನಕ್ಕೆ ಅಂಟಿಕೊಂಡಿತು. ತೆಲುಗರು ಇದನ್ನು ‘ಇಂಟಿಪೇರು’ ಎಂದು ಹೆಸರಿಗಿಂತ ಮೊದಲೇ ಇಡುತ್ತಾರೆ.

ವಿಶ್ವೇಶ್ವರ ಎಂದರೆ ವಿಶ್ವಕ್ಕೆ ಈಶ್ವರ, ಜಗದೊಡೆಯ. ಕಾಶಿಯ ಜ್ಯೋತಿರ್ಲಿಂಗಕ್ಕೂ ಅದೇ ಹೆಸರು. ಹೆಸರು ಸಂಸ್ಕೃತದ್ದು; ತಂದೆ ಶ್ರೀನಿವಾಸ ಶಾಸ್ತ್ರಿಗಳೂ ಸಂಸ್ಕೃತ ವಿದ್ವಾಂಸರು. ‘ಅಯ್ಯ’ ಗೌರವಕ್ಕೆ ಸೇರಿದ್ದು. ‘ಸರ್’ ಮಾತ್ರ 1915ರಲ್ಲಿ ಬ್ರಿಟಿಷರು ಕೊಟ್ಟ ಬಿರುದು.

ಅವರ ನೆನಪಿನಲ್ಲಿ ಆಚರಿಸುವ ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನಕ್ಕೆ ಮಕ್ಕಳು ಬರೆಯುವ ಪ್ರಬಂಧದಲ್ಲಿ ‘ಮುದ್ದೇನಹಳ್ಳಿ ವಿಶ್ವೇಶ್ವರಯ್ಯ’ ಎಂದಿದ್ದರೆ ದಯವಿಟ್ಟು ತಿದ್ದಿಕೊಡಿ.