ಹತ್ತಿರದ ಆಸ್ಪತ್ರೆ ಪಟ್ಟಿಯಲ್ಲೇಕಿಲ್ಲ?

ಹತ್ತಿರದ ಆಸ್ಪತ್ರೆ ಯಾವುದೆಂದು ಕೇಳಿದಾಗ ಕಂಪ್ಯೂಟರು ಪ್ರತಿ ಆಸ್ಪತ್ರೆಯ ಅಕ್ಷಾಂಶ, ರೇಖಾಂಶಗಳನ್ನು ನಮ್ಮ ಸ್ಥಳದೊಡನೆ ಹೋಲಿಸಬೇಕು. ಭೂಮಿ ಗುಂಡಗಿರುವುದರಿಂದ ಬರಿಯ ಕಳೆಯುವ ಲೆಕ್ಕ ಸಾಲದು. ಸೈನ್, ಕೋಸೈನ್‌ಗಳನ್ನು ಗುಣಿಸಿ ಕೂಡಿದರೆ, ಎರಡು ಸ್ಥಳಗಳು ಭೂಕೇಂದ್ರದಲ್ಲಿ ಮಾಡುವ ಕೋನದ ಕೋಸೈನ್ ಸಿಗುತ್ತದೆ. ಅದರಿಂದ ಕೋನವನ್ನು ಮರಳಿ ಪಡೆಯುವುದೇ ವಿಲೋಮ ಕೋಸೈನ್. ರೇಡಿಯನ್‌ನಲ್ಲಿ ಬಂದ ಆ ಕೋನವನ್ನು ಭೂಮಿಯ ತ್ರಿಜ್ಯ 6371ರಿಂದ ಗುಣಿಸಿದರೆ ಕಿಲೋಮೀಟರು. ಬೆಂಗಳೂರು-ಮೈಸೂರಿಗೆ ಹೀಗೆ ಸಿಗುವುದು ಸುಮಾರು 126. (ರಸ್ತೆಯ ತಿರುವುಗಳು ಗಣಿತಕ್ಕೆ ಗೊತ್ತಿಲ್ಲ!)

ತೊಡಕಿರುವುದು ತೀರ ಹತ್ತಿರದಲ್ಲಿ. ನೀವು ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದರೆ ಕೋಸೈನ್ ಸರಿಯಾಗಿ 1 ಆಗಬೇಕು. ಆದರೆ ಯಂತ್ರವು ದಶಮಾಂಶಗಳನ್ನು ಮೊಟಕು ಮಾಡುವುದರಿಂದ ಅದು 1.0000000000000002 ಆಗಿಬಿಡಬಹುದು. 1ನ್ನು ಮೀರಿದ ಕೋಸೈನಿಗೆ ಕೋನವೇ ಇಲ್ಲ. ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ವ್ಯವಸ್ಥೆ ಆಗ ತಪ್ಪೆಂದು ತಿಳಿಸಿ ನಿಂತುಬಿಡುತ್ತದೆ. ಮೈಎಸ್‌ಕ್ಯೂಎಲ್ ಸದ್ದಿಲ್ಲದೆ 'ನಲ್', ಅಂದರೆ ಖಾಲಿ ಉತ್ತರ ಕೊಡುತ್ತದೆ, '10 ಕಿ.ಮೀ. ಒಳಗಿನವು' ಎಂದು ಸೋಸಿದಾಗ ಆ ಆಸ್ಪತ್ರೆಯೇ ಬಿದ್ದುಹೋಗುತ್ತದೆ. ನನ್ನ ಮಟ್ಟಿಗೆ ಈ ಮೌನವೇ ಹೆಚ್ಚು ಅಪಾಯಕಾರಿ. ಮದ್ದೇನೋ ಸರಳ: ವಿಲೋಮ ತೆಗೆಯುವ ಮುನ್ನ, ಮೊತ್ತ 1ನ್ನು ದಾಟಿದ್ದರೆ 1ಕ್ಕೇ ಇಳಿಸುವಂತೆ ಪ್ರಶ್ನೆಯಲ್ಲಿ 'ಲೀಸ್ಟ್' ಎಂಬ ಪದ ಸೇರಿಸಬೇಕು.