ಪೋರ್ತುಗೀಜ ಓದಿದರೆ ಏನು ಲಾಭ?

ತಿಂಗಳ ಕೊನೆಗೆ ನಾವೆಲ್ಲ ಎದುರುನೋಡುವ 'ಪಗಾರ' ಪೋರ್ತುಗೀಜ ಶಬ್ದವೆಂದರೆ ವಾಚಕರಲ್ಲಿ ಕೆಲವರಿಗಾದರೂ ಆಶ್ಚರ್ಯವಾದೀತು. 'ಹಣ ಸಲ್ಲಿಸು' ಎಂಬ ಅರ್ಥದ 'ಪಗಾರ್' ಎಂಬ ಕ್ರಿಯಾಪದವೇ ಅದರ ಮೂಲ. ಕಪಾಟಿನ ಚಾವಿ, ಅಡಿಗೆಮನೆಯ ಬಟಾಟೆ, ಸಂತೆಯ ಅನಾನಸು, ಸರಕಾರದ ಲಿಲಾವು, ಇಗರ್ಜಿ, ಅದರ ಪಾದ್ರಿ—ಇವೆಲ್ಲ ಅದೇ ಭಾಷೆಯ ಕೊಡುಗೆ. ಕೆಲವು ನೇರವಾಗಿ ನಮ್ಮ ಕರಾವಳಿಗೆ ಇಳಿದವು. ಕೆಲವು ಕೊಂಕಣಿ, ಮರಾಠಿಗಳ ಕೈ ಹಿಡಿದು ಬಂದವು. ಇಷ್ಟು ಬಳಕೆಯ ಭಾಷೆಯಾದರೂ ಅದನ್ನು ವಿಶ್ವವಿದ್ಯಾನಿಲಯದಲ್ಲಿ ಕ್ರಮವಾಗಿ ಓದುವ ಕನ್ನಡಿಗರು ವಿರಳ.

ಶಬ್ದಗಳ ಮಾತು ಹಾಗಿರಲಿ. ನಮ್ಮ ಚರಿತ್ರೆಯ ಒಂದು ದೊಡ್ಡ ಭಾಗವೇ ಆ ಭಾಷೆಯಲ್ಲಿದೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರವನ್ನು ಕಂಡು ಮಹಾನವಮಿಯ ವೈಭವವನ್ನು ಬರೆದಿಟ್ಟ ದೊಮಿಂಗೊ ಪಾಯಿಸ್, ಅನಂತರ ಸುಮಾರು 1535ರಲ್ಲಿ ಬರೆದ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್—ಇಬ್ಬರೂ ಪೋರ್ತುಗೀಜರು. ಇವರ ಬರಹಗಳನ್ನು ದಾವಿದ್ ಲೋಪಿಶ್ ಎಂಬ ವಿದ್ವಾಂಸರು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಮಾಡಿಸಿದರು. ರಾಬರ್ಟ್ ಸೂವೆಲ್ಲರು 1900ರಲ್ಲಿ ಇಂಗ್ಲಿಷಿಗೆ ತಂದರು. ನಮ್ಮಲ್ಲಿ ಹೆಚ್ಚಿನವರು ಅವನ್ನು ಬಲ್ಲುದು ಆ ಇಂಗ್ಲಿಷಿನ ಮೂಲಕವೇ. ಹಂಪೆ ನಮ್ಮದು, ಅದನ್ನು ಕಣ್ಣಾರೆ ಕಂಡವನ ಮಾತು ಮಾತ್ರ ನಮಗೆ ಎರಡನೆಯ ಕೈಯಿಂದ ಬರುತ್ತಿದೆ.

ಇನ್ನು ಪಣಜಿಯ ದಫ್ತರಖಾನೆ. 1595ರಲ್ಲಿ ಗೋವೆಯಲ್ಲಿ ಅದು ಆರಂಭವಾದಾಗ ಇತಿಹಾಸಕಾರ ದಿಯೋಗು ದು ಕೋತು ಅದರ ಮೊದಲ ಪಾಲಕ. ಸರಕಾರಿ ಕಚೇರಿಯಲ್ಲಿ ಫೈಲುಗಳ ನಡುವೆ ದಿನ ಕಳೆಯುವ ನನ್ನಂಥ ಕಾರಕೂನನಿಗೆ ಆ ಶಿಸ್ತಿನ ಬಗ್ಗೆ ಗೌರವ ಹುಟ್ಟುತ್ತದೆ. ಲಿಸ್ಬನ್ನಿಗೆ ಹೋಗಿಬಂದ ಪತ್ರಗಳಿಗೆ ಒಂದು ಸಾಲಿನ ಪುಸ್ತಕಗಳು. 'ನೆರೆಯ ಅರಸರು' ಎಂಬ ಹೆಸರಿನಲ್ಲಿ ಇನ್ನೊಂದು ಸಾಲು. ಆ ನೆರೆಯ ಅರಸರಲ್ಲಿ ನಮ್ಮ ಕೆಳದಿಯ ನಾಯಕರೂ ಸೇರಿದ್ದಾರೆ. ಗೋವೆಯ ಒಲೆ ಉರಿಯಬೇಕಾದರೆ ಬಸರೂರು, ಮಂಗಳೂರುಗಳ ಅಕ್ಕಿ ಹಡಗು ಹತ್ತಬೇಕಾಗಿದ್ದ ಕಾಲವದು. ಆದುದರಿಂದ ಅಕ್ಕಿ, ಮೆಣಸು, ಕೋಟೆ, ಕಪ್ಪಗಳ ವ್ಯವಹಾರವೆಲ್ಲ ಆ ಕಾಗದಗಳಲ್ಲಿ ದಾಖಲಾಗಿದೆ.

ಮರಾಠಿ ಬಂಧುಗಳು ಇದರ ಬೆಲೆಯನ್ನು ಬೇಗ ಅರಿತರು. ಆ ದಫ್ತರಖಾನೆಯನ್ನು ದೀರ್ಘಕಾಲ ನೋಡಿಕೊಂಡ ಪಾಂಡುರಂಗ ಪಿಸುರ್ಲೇಕರರು ಪೋರ್ತುಗೀಜ-ಮರಾಠೆ ಸಂಬಂಧದ ಕುರಿತು ಬರೆದ ಗ್ರಂಥವನ್ನು ನಮ್ಮ ಪುಣೆ ವಿಶ್ವವಿದ್ಯಾನಿಲಯವೇ 1967ರಲ್ಲಿ ಮರಾಠಿಯಲ್ಲಿ ಪ್ರಕಟಿಸಿತು. ನಮ್ಮ ಕಡೆಯ ಚರಿತ್ರೆಯಲ್ಲಿ ಆ ಬಗೆಯ ದುಡಿಮೆ ಮಾಡಿದವರು ಗೋವಾ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಡಾ. ಬಿ. ಎಸ್. ಶಾಸ್ತ್ರಿಗಳು. 1498ರಿಂದ ಕೆಳದಿ ಸಂಸ್ಥಾನ ಹೈದರನ ವಶವಾದ 1763ರವರೆಗಿನ ಗೋವಾ-ಕೆನರಾ ಸಂಬಂಧವನ್ನು ಅವರು ಬರೆದರು. ಗ್ರಂಥ 2000ದಲ್ಲಿ ಇಂಗ್ಲಿಷಿನಲ್ಲಿ ಬಂತು. ಆ ದಾರಿಯಲ್ಲಿ ಮುಂದೆ ನಡೆಯುವವರು ಬೇಕಲ್ಲವೆ?

ಈ ಕೆಲಸದಲ್ಲಿ ಕನ್ನಡಿಗನಿಗೆ ಒಂದು ಅನುಕೂಲವೂ ಉಂಟು. 'ಬಿಸ್ನಗ' ಎಂದರೆ ವಿಜಯನಗರ, 'ಒನೋರ್' ಎಂದರೆ ಹೊನ್ನಾವರ, 'ಬತೆಕಲ' ಎಂದರೆ ಭಟ್ಕಳ, 'ಬಾರ್ಸೆಲೋರ್' ಎಂದರೆ ಬಸರೂರು. ಪರದೇಶದ ಕಿವಿಗೆ ಬಿದ್ದು ರೂಪ ಕೆಟ್ಟ ಊರು, ಹೆಸರು, ಅಧಿಕಾರಪದಗಳನ್ನು ಗುರುತಿಸಲು ಕನ್ನಡದ ಕಿವಿಯೇ ಬೇಕು.

ಭಾಷೆ ಕಠಿಣವೆ? ಕ್ರಿಯಾಪದದ ತುದಿಯಿಂದಲೇ ಕರ್ತೃ ತಿಳಿಯುತ್ತದೆ. 'ನಾನು' ಎನ್ನದೆ 'ಮಾತಾಡುತ್ತೇನೆ' ಎಂದರೆ ನಮ್ಮಲ್ಲಿ ಸಾಕಾಗುವಂತೆ, ಅಲ್ಲಿಯೂ 'ಫಾಲು' ಎಂದರೆ ಸಾಕು. ಮೂಗಿನಿಂದ ನುಡಿಯುವ ಸ್ವರಗಳು ಮಾತ್ರ ಮೊದಮೊದಲು ಕಾಡುತ್ತವೆ. ನಿರ್ಜೀವ ವಸ್ತುಗಳಿಗೂ ಗಂಡು-ಹೆಣ್ಣೆಂಬ ಭೇದವಿದೆ. ಹಳೆಯ ಕಾಗದಗಳನ್ನು ಓದಲು ಭಾಷೆಯೊಂದೇ ಸಾಲದು. ಆ ಕಾಲದ ಕೈಬರಹವನ್ನೂ, ಸಂಕ್ಷೇಪಾಕ್ಷರಗಳನ್ನೂ ಬೇರೆಯಾಗಿ ಕಲಿಯಬೇಕು. ಮರಾಠಿ ಬಂದವರಿಗೆಲ್ಲ ಪೇಶವೆ ದಫ್ತರದ ಮೋಡಿ ಬರುವುದಿಲ್ಲವಷ್ಟೆ, ಹಾಗೆಯೇ ಇದು.

1985ರಲ್ಲಿ ಸ್ಥಾಪಿತವಾದ ಗೋವಾ ವಿಶ್ವವಿದ್ಯಾನಿಲಯದಲ್ಲಿ ಪೋರ್ತುಗೀಜದ ಎಂ. ಎ. ಅಭ್ಯಾಸವಿದೆ. ದಿಲ್ಲಿ ವಿಶ್ವವಿದ್ಯಾನಿಲಯ, ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯಗಳಲ್ಲಿಯೂ ಈ ಭಾಷೆಯನ್ನು ಕಲಿಸುತ್ತಾರೆ. ಪುಣೆಯವರಿಗೆ ಗೋವೆಯೇ ಸಮೀಪ; ಬೆಳಗಾವಿಯ ಮೇಲೆಯೇ ರೈಲು ಹೋಗುತ್ತದೆ.

ಹೋದ ವರ್ಷ ಅಣ್ಣನ ಮಗಳು ಈ ವಿಷಯ ತೆಗೆದಾಗ ನಮ್ಮ ಅತ್ತಿಗೆ ಕೇಳಿದ್ದು ಒಂದೇ ಮಾತು: "ಅದನ್ನ ಓದಿದ್ರ ಹೊಟ್ಟಿ ತುಂಬ್ತದೇನು?" ತಾಯಿಯಾದವಳು ಕೇಳತಕ್ಕ ಪ್ರಶ್ನೆಯೇ. ಬ್ರಾಜಿಲ್, ಅಂಗೋಲ, ಮೊಜಾಂಬಿಕ್ ಮೊದಲಾದ ದೇಶಗಳಲ್ಲಿ ಇದು ರಾಜ್ಯಭಾಷೆ. ಇಪ್ಪತ್ತು ಕೋಟಿಗೂ ಮಿಕ್ಕಿ ಜನ ಇದನ್ನಾಡುತ್ತಾರೆ. ವ್ಯಾಪಾರ ಸಂಸ್ಥೆಗಳಲ್ಲಿ ಭಾಷಾಂತರಕಾರರಿಗೆ ಕೆಲಸವುಂಟು. ಆದರೆ ಪುಣೆಯ ಕಾರಖಾನೆಗಳಲ್ಲಿ ಜರ್ಮನ್, ಜಪಾನಿಗಳಿಗಿರುವ ಬೇಡಿಕೆ ಇದಕ್ಕಿಲ್ಲವೆಂಬುದನ್ನು ಮುಚ್ಚಿಡಬಾರದು. ಜೊತೆಗೆ ಇನ್ನೊಂದು ವಿದ್ಯೆಯನ್ನೂ, ಸ್ವಲ್ಪ ತಾಳ್ಮೆಯನ್ನೂ ಇಟ್ಟುಕೊಂಡು ಇದಕ್ಕೆ ಕೈಹಾಕುವುದು ಲೇಸು. ನಾನು ಅತ್ತಿಗೆಗೆ ಹೇಳಿದ್ದೂ ಇಷ್ಟೇ.

1961ರ ಡಿಸೆಂಬರ್ 19ರಂದು ಗೋವೆ ವಿಮುಕ್ತವಾಯಿತು. ಅದಕ್ಕೆ ಮುಂಚೆ ಶಾಲೆಯಲ್ಲಿ ಪೋರ್ತುಗೀಜ ಕಲಿತ ಪೀಳಿಗೆಗೆ ಈಗ ವಯಸ್ಸಾಗಿದೆ. ಆ ಹಿರಿಯರು ಸುಲಭವಾಗಿ ಓದಬಲ್ಲುದನ್ನು ನಾಳೆ ನಮ್ಮ ಮಕ್ಕಳು ಕಷ್ಟಪಟ್ಟು ಕಲಿಯಬೇಕಾದೀತು. ಕೆಳದಿಯ ಅರಸರಿಗೆ ಬರೆದ ಪತ್ರಗಳ ನಕಲುಗಳು ಪಣಜಿಯಲ್ಲಿವೆ. ಅವನ್ನು ಓದಿ ಕನ್ನಡದಲ್ಲಿ ಹೇಳುವವರು ಹತ್ತು ಮಂದಿಯಾದರೂ ಬೇಡವೆ? ಆ ಹತ್ತರಲ್ಲಿ ಒಬ್ಬರು ನಮ್ಮ ಪುಣೆಯ ಮನೆಗಳಿಂದಲೇ ಹೊರಟರೆ, ಅವರ ಪುಸ್ತಕದ ಖರ್ಚನ್ನಾದರೂ ವಹಿಸುವುದು ನಮ್ಮಂಥ ಸಂಘಗಳಿಗೆ ಭಾರವಾಗಲಾರದು.