ಫೋನಿನ ಬ್ಯಾಟರಿ ನಾವೇ ಬದಲಾಯಿಸಬಹುದೇ?



ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದ ಫೋನು ಮಧ್ಯಾಹ್ನಕ್ಕೇ ಆಫ್ ಆಗ್ತಿದೆಯೇ? ಹೊಸ ಫೋನಿಗೆಂದು ಸಂಘದಲ್ಲಿ ಸಾಲ ಕೇಳುವ ಮೊದಲು ಬ್ಯಾಟರಿ ನೋಡಿ. ಲಿಥಿಯಂ ಬ್ಯಾಟರಿಗೂ ಆಯಸ್ಸಿದೆ. ಸುಮಾರು 500 ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಅನೇಕ ಬ್ಯಾಟರಿಗಳ ಶಕ್ತಿ ನೂರಕ್ಕೆ 80ಕ್ಕೆ ಇಳಿಯುತ್ತದೆ. ಹಾಗಾಗಿ ಹಾಳಾಗಿರೋದು ಬ್ಯಾಟರಿ ಮಾತ್ರ ಇರಬಹುದು.

ಹಿಂದಿನ ಮುಚ್ಚಳ ಉಗುರಿನಿಂದಲೇ ತೆಗೆಯಲು ಬರುವ ಫೋನಾದರೆ ಮನೆಯಲ್ಲೇ ಬದಲಾಯಿಸಬಹುದು. ಚಾರ್ಜರ್ ತೆಗೆದು ಫೋನು ಆಫ್ ಮಾಡಿ. ಹಳೆ ಬ್ಯಾಟರಿಯ ಮೇಲಿನ ಮಾಡೆಲ್ ನಂಬರ್ ಬರೆದುಕೊಂಡು, ಅದೇ ನಂಬರಿನದ್ದನ್ನು ಬಿಲ್ ಸಮೇತ ಕೊಳ್ಳಿ. ಅದರ ಮೇಲೆ ಬಿಐಎಸ್ ಗುರುತು, ಐಎಸ್ 16046 ಎಂಬ ಸಂಖ್ಯೆ ಇದೆಯೇ ನೋಡಿ.

ಈಗಿನ ಹೆಚ್ಚಿನ ಸ್ಮಾರ್ಟ್‌ಫೋನುಗಳಲ್ಲಿ ಬ್ಯಾಟರಿಯನ್ನು ಒಳಗೇ ಅಂಟಿಸಿರುತ್ತಾರೆ. ಚಾಕು, ಸ್ಕ್ರೂಡ್ರೈವರ್ ಹಾಕಿ ಅದನ್ನು ಎಬ್ಬಿಸಲು ಹೋಗಬೇಡಿ. ತೂತಾದರೆ ಕ್ಷಣದಲ್ಲಿ ಬೆಂಕಿ ಹತ್ತಬಹುದು. ಕಂಪನಿಯ ಸರ್ವಿಸ್ ಸೆಂಟರಿಗೇ ಕೊಡಿ. ಕೊಡುವ ಮುಂಚೆ ಸಿಮ್ ತೆಗೆದಿಟ್ಟುಕೊಳ್ಳಿ. ಬ್ಯಾಂಕಿನ ಓಟಿಪಿ ಬರೋದು ಅದಕ್ಕೇ.

ಬ್ಯಾಟರಿ ಉಬ್ಬಿ ಮುಚ್ಚಳ ಅಥವಾ ಸ್ಕ್ರೀನ್ ಮೇಲೆದ್ದಿದೆಯೇ? ಒಳಗೆ ಗ್ಯಾಸ್ ತುಂಬಿದೆ ಎಂದರ್ಥ. ಅದನ್ನು ಒತ್ತಬೇಡಿ, ಚಾರ್ಜಿಗೆ ಹಾಕಲೇಬೇಡಿ. ಆಫ್ ಮಾಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟು ಬೇಗ ತೋರಿಸಿ.

ಹಳೆ ಬ್ಯಾಟರಿಯನ್ನು ಒಲೆಗಾಗಲಿ ಕಸಕ್ಕಾಗಲಿ ಹಾಕ್ಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ವಾಪಸ್ ಪಡೆಯುವ ಹೊಣೆ ತಯಾರಕರದ್ದು. ಕೊಂಡ ಕಡೆಯಲ್ಲೇ ಕೇಳಿ.

ಮುಂದಿನ ವಾರದ ಸಭೆಯಲ್ಲಿ ಇದನ್ನು ಓದಿ ಹೇಳಿ. ಉಬ್ಬಿದ ಫೋನು ಯಾರ ಮನೆಯಲ್ಲಾದರೂ ಇದೆಯೇ ಎಂದು ಮರೆಯದೆ ಕೇಳಿ.